ಮಾಂಸದ ಪಟ್ಟಿಯಲ್ಲಿದ್ದ ಸಸ್ಯಾಹಾರಿ

ನಮ್ಮ ಕಡೆಯ ನಿವೃತ್ತ ಸೈನಿಕರು ಕೆಲವರು ಸೇರಿ, ಹೊಸದಾಗಿ ಸೇನೆಗೆ ಹೊರಟ ಹುಡುಗರಿಗಾಗಿ ಒಂದು ಪುಸ್ತಕ ತರುತ್ತಿದ್ದಾರೆ. ಗುಂಡು ಹಾರಿಸಿದವರು, ಸೇತುವೆ ಕಟ್ಟಿದವರು, ಪದಕ ಪಡೆದವರು ಆಗಲೇ ಬರೆದುಕೊಟ್ಟಿದ್ದಾರೆ. ಅಡುಗೆಯವನೂ ಒಬ್ಬ ಇರಲಿ ಎಂದು ನನ್ನನ್ನು ಕೇಳಿದರು. ನಾನು ಎರ್ಮಾಳಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವನು. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ವಿಷಯವನ್ನು ತಿದ್ದಬೇಡಿ ಎಂದು ಹೇಳಿ ಒಪ್ಪಿಕೊಂಡೆ.

ನಾನು ಅಡುಗೆಯವನಾದದ್ದು ಊರಿನ ಹೆಸರಿನಿಂದ. ಭರ್ತಿಯ ದಿನ ಮೇಜಿನ ಹಿಂದೆ ಕುಳಿತಿದ್ದ ಸಾಹೇಬರು ಊರು ಯಾವುದೆಂದು ಕೇಳಿದರು. ಎರ್ಮಾಳು ಎಂದರೆ ಅವರಿಗೆ ತಿಳಿಯದು ಎಂದು ಉಡುಪಿಯ ಹತ್ತಿರ ಎಂದೆ. ಅವರ ಮುಖ ಅರಳಿತು. "ಉಡುಪಿಯಾ! ಅಡುಗೆಗೆ ಬರೆದುಕೊ" ಎಂದು ಗುಮಾಸ್ತರಿಗೆ ಹೇಳಿಬಿಟ್ಟರು. ನಮ್ಮದು ಮೀನುಗಾರರ ಮನೆ. ಅಪ್ಪನ ಜೊತೆ ಬಲೆ ಎಳೆದದ್ದು ಬಿಟ್ಟರೆ, ಅಮ್ಮ ಬಡಿಸಿದ್ದನ್ನು ಉಣ್ಣುವುದು ಮಾತ್ರ ನನಗೆ ಗೊತ್ತಿತ್ತು.

ಹೋದಲ್ಲೆಲ್ಲ ನನ್ನನ್ನು ದೋಸೆ ಕೇಳಿದರು. ಹಿಮದ ನಾಡಿನಲ್ಲಿ ಮೊದಲ ಸಲ ಹಿಟ್ಟು ರುಬ್ಬಿ, ನನ್ನ ದಪ್ಪ ಕೋಟು ಸುತ್ತಿ, ಒಲೆಯ ಪಕ್ಕದಲ್ಲಿಟ್ಟೆ. ಎರಡು ದಿನ ಕಳೆದರೂ ಹುಳಿ ಬರಲಿಲ್ಲ. ಮೂರನೆಯ ದಿನ ಸಾಹೇಬರು ಬಂದು ಕುಳಿತೇಬಿಟ್ಟರು. ಹಾಗೆಯೇ ಹುಯ್ದುಕೊಟ್ಟೆ. ಅವರು ಒಂದು ತುಂಡನ್ನು ಎರಡೂ ಕೈಯಿಂದ ಎಳೆದು ನೋಡಿ, "ಶೀನಾ, ಇದನ್ನು ಹಾಳು ಮಾಡಬೇಡ. ನನ್ನ ಬೂಟಿನ ಅಟ್ಟೆ ಸವೆದಿದೆ" ಎಂದರು. ಆ ಕೋಟಿನಿಂದ ಅಕ್ಕಿಯ ವಾಸನೆ ಹೋಗಲು ಒಂದು ಚಳಿಗಾಲ ಬೇಕಾಯಿತು.

ಬೆಟ್ಟದ ಮೇಲೆ ಬೇಳೆ ಬೇಯುವುದಿಲ್ಲ. ನೀರು ಬೇಗ ಕುದಿಯುತ್ತದೆ, ಆದರೆ ಆ ಕುದಿತದಲ್ಲಿ ಬಿಸಿ ಇರುವುದಿಲ್ಲ. ಆಲೂಗಡ್ಡೆ ಕಲ್ಲಾಗಿರುತ್ತದೆ, ಮೊಟ್ಟೆಯನ್ನು ಒಡೆದರೆ ಗೋಲಿಯಂತೆ ಉರುಳುತ್ತದೆ. ನಾನು ಸೇರಿದಾಗ ಸೌದೆ ಇತ್ತು, ನಂತರ ಸೀಮೆಎಣ್ಣೆಯ ಒಲೆ ಬಂತು, ಬಿಡುವ ಹೊತ್ತಿಗೆ ಗ್ಯಾಸ್ ಬಂತು. ಸೀಮೆಎಣ್ಣೆಯ ಕಾಲದಲ್ಲಿ ಚಹಾ, ಚಪಾತಿ, ಪಾಯಸ ಎಲ್ಲಕ್ಕೂ ಒಂದೇ ವಾಸನೆ. ಈಗಿನವರಿಗೆ ದೊಡ್ಡ ಕುಕ್ಕರುಗಳಿವೆ, ಒಣಗಿಸಿದ ತರಕಾರಿಯ ಪೊಟ್ಟಣಗಳಿವೆ. ಆದರೂ ಒಂದು ಮಾತು ನೆನಪಿಡಿ. ಊಟ ತಣ್ಣಗಾದರೆ ಸೈನಿಕ ಕ್ಷಮಿಸುತ್ತಾನೆ. ಪಕ್ಕದವನಿಗೆ ತನಗಿಂತ ಹೆಚ್ಚು ಬಿತ್ತೆಂದು ಕಂಡರೆ ಕ್ಷಮಿಸುವುದಿಲ್ಲ.

ನನಗೆ ಕೆಲಸ ಕಲಿಸಿದವರು ಕೇರಳದ ಒಬ್ಬ ಹಿರಿಯ ಅಡುಗೆಯವರು. ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಸೇನೆಯ ಅಡುಗೆಮನೆಗೆ ಲಂಗರ್ ಎನ್ನುತ್ತಾರೆ. ಉಸ್ತಾದ್ ಇದ್ದಷ್ಟು ಕಾಲ ನಮ್ಮ ಲಂಗರಿನಲ್ಲಿ ಒಂದು ಹಿಡಿ ಅನ್ನ ವ್ಯರ್ಥವಾದದ್ದು ಕಾಣೆ. "ಮುಖ ನೋಡಬೇಡ, ತಟ್ಟೆ ನೋಡು" ಎಂದು ಅವರು ಹೇಳುತ್ತಿದ್ದರು. ಯಾರಿಗೆ ಜ್ವರ ಬರಲಿದೆ, ಯಾರಿಗೆ ಮನೆಯಿಂದ ಕೆಟ್ಟ ಸುದ್ದಿ ಬಂದಿದೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಎಲ್ಲವೂ ತಟ್ಟೆಯಲ್ಲಿ ಕಾಣುತ್ತದೆ. ಯಾರಿಗೆ ಯಾರ ಮೇಲೆ ಜೀವ ಎಂಬುದೂ ಕಾಣುತ್ತದೆ.

ಒಮ್ಮೆ ಗೋಧಿಹಿಟ್ಟು ಕಲಸುತ್ತಾ ಅವರು ತಮ್ಮ ಮೊದಲ ಘಟಕದ ಇಬ್ಬರ ವಿಷಯ ಹೇಳಿದರು. ಒಬ್ಬ ಲಾರಿ ಓಡಿಸುವವನು, ಇನ್ನೊಬ್ಬ ಅದನ್ನು ರಿಪೇರಿ ಮಾಡುವವನು. ಇಬ್ಬರ ಸಂಗತಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಯುದ್ಧದಲ್ಲಿ ಲಾರಿಯವನು ಹೋದ. ಅವನ ಹೆಂಡತಿಗೆ ತಂತಿ ಹೋಯಿತು. "ಉಳಿದವನಿಗೆ ಅಳಲು ರಜೆ ಕೊಡುವ ನಿಯಮ ಯಾವ ಪುಸ್ತಕದಲ್ಲಿದೆ, ಹೇಳು?" ಎಂದು ಉಸ್ತಾದ್ ನನ್ನನ್ನೇ ಕೇಳಿದರು. "ಅವನು ಇನ್ನೊಂದು ಲಾರಿಯ ಅಡಿಗೆ ಮಲಗಿ ಮೂರು ದಿನ ನಟ್ಟು ಬಿಗಿದ. ಬಿಗಿದದ್ದನ್ನೇ ಬಿಗಿದ. ನಾನು ಚಹಾವನ್ನು ಚಕ್ರದ ಪಕ್ಕ ಇಟ್ಟು ಬರುತ್ತಿದ್ದೆ."

ಇಂಥವರು ನನ್ನ ಕಾಲದಲ್ಲೂ ಇದ್ದರು, ಅದಕ್ಕೆ ಮೊದಲೂ ಇದ್ದರು. ಒಬ್ಬ ಕ್ಯಾಪ್ಟನ್ ಸಾಹೇಬರು ವಿಷಯ ಹೊರಬೀಳುವ ಮೊದಲೇ, ಕಿವಿ ಕೇಳುವುದಿಲ್ಲ ಎಂದು ಬರೆದುಕೊಟ್ಟು ಮನೆಗೆ ಹೋದರು. ಅವರ ಕಿವಿ ಎಷ್ಟು ಚುರುಕೆಂದರೆ, ಲಂಗರಿನಲ್ಲಿ ನಾವು ಪಿಸುಗುಟ್ಟಿದ್ದು ಅವರಿಗೆ ಮೆಸ್ಸಿನಲ್ಲಿ ಕೇಳುತ್ತಿತ್ತು. ಕೆಲವು ವರ್ಷಗಳ ಹಿಂದೆ ದೇಶದ ದೊಡ್ಡ ನ್ಯಾಯಾಲಯ ಇಂಥ ಪ್ರೀತಿ ಅಪರಾಧವಲ್ಲ ಎಂದು ಹೇಳಿತು. ಆದರೆ ಸೇನೆಗೆ ತನ್ನದೇ ಕಾಯಿದೆ ಇದೆ, ಅಲ್ಲಿ ಇನ್ನೂ ಹಾಗೆ ಹೇಳಿದವರಿಲ್ಲ. ಆದ್ದರಿಂದ ಹೊಸದಾಗಿ ಹೋಗುವವರಿಗೆ ನಾನು ಬೇಳೆಯ ವಿಷಯಕ್ಕಿಂತ ಹೆಚ್ಚಾಗಿ ಇದನ್ನೇ ಹೇಳಬೇಕು. ನನ್ನ ತಮ್ಮನ ಹೆಸರು ಬರೆಯಲು ಅವನನ್ನು ಕೇಳಿದ್ದೇನೆ. "ಬರಿ. ಹೆದರುವ ಪ್ರಾಯ ಹೋಯ್ತು. ಬಸುವಿನ ಊರಿನ ಹೆಸರು ಮಾತ್ರ ಹಾಕಬೇಡ" ಎಂದ.

ನನ್ನ ತಮ್ಮ ಭಾಸ್ಕರ, ನನಗಿಂತ ಐದು ವರ್ಷಕ್ಕೆ ಚಿಕ್ಕವನು. ಅವನೂ ಸೇನೆ ಸೇರಿದ. ಒಡಹುಟ್ಟಿದವನು ಇರುವ ಘಟಕಕ್ಕೇ ಹಾಕಿ ಎಂದು ಅರ್ಜಿ ಕೊಡಲು ನಮ್ಮಲ್ಲಿ ಅವಕಾಶವಿತ್ತು. ನಾನೇ ಅರ್ಜಿ ಬರೆಸಿ ಅವನನ್ನು ತರಿಸಿಕೊಂಡೆ. ಅವನು ಬಂದಿಳಿದ ದಿನ ನಾನು ಲಂಗರಿನ ಹೊರಗೆ ಏಪ್ರನ್ ಕಟ್ಟಿಕೊಂಡೇ ನಿಂತಿದ್ದೆ. "ಎಂತ ಅಣ್ಣ, ಅಮ್ಮನ ಹಾಗೆ ಕಾಣ್ತೀಯಲ್ಲ" ಎಂದು ನಗಾಡಿದ. ಆ ಸಂಜೆಯಷ್ಟು ಸಂತೋಷ ನನಗೆ ಸೇನೆಯಲ್ಲಿ ಮತ್ತೆ ಆಗಲಿಲ್ಲ. ಮದುವೆಯಾದ ದಿನ ಬಿಟ್ಟರೆ, ಹೊರಗೂ ಆಗಲಿಲ್ಲ.

ಬಸು ಎಂದರೆ ಬಸವರಾಜ, ಅವನ ಜೊತೆಯವನು. ಗದಗಿನ ಕಡೆಯವನು, ಕೊರಳಲ್ಲಿ ಲಿಂಗವಿದ್ದ ಶುದ್ಧ ಸಸ್ಯಾಹಾರಿ. ಮಾತಿಗೊಮ್ಮೆ ನಗುತ್ತಿದ್ದ. ಅವನ ಕನ್ನಡ ನಮಗೆ ನಗು, ನಮ್ಮ ಕನ್ನಡ ಅವನಿಗೆ ನಗು. "ನೀವು ಪುಸ್ತಕ ಓದಿದಂಗ ಮಾತಾಡ್ತೀರಿ ನೋಡ್ರಿ ಅಣ್ಣಾರ. ನಿಮ್ಮ ಮನ್ಯಾಗ ಬೈಯೂದು ಹ್ಯಾಂಗ?" ಎಂದು ನನ್ನನ್ನು ಕೇಳುತ್ತಿದ್ದ. "ಬೈಲಿಕ್ಕೆ ನಮಗೆ ತುಳು ಉಂಟು ಮಾರಾಯ" ಎಂದು ಭಾಸ್ಕರ ಹೇಳುತ್ತಿದ್ದ. ಹಿಮ ಬಿದ್ದ ದಿನಗಳಲ್ಲಿ ಬಸವರಾಜ ಎರಡು ಜೊತೆ ಕೈಗವಸುಗಳನ್ನು ನನ್ನ ಒಲೆಯ ಬಳಿ ಒಣಗಿಸಲು ತರುತ್ತಿದ್ದ. ಎರಡನೆಯ ಜೊತೆ ಯಾರದೆಂದು ನಾನು ಕೇಳಲಿಲ್ಲ.

ಲಂಗರಿನಲ್ಲಿ ಎರಡು ಪಟ್ಟಿ ಇರುತ್ತದೆ, ಮಾಂಸ ಉಣ್ಣುವವರದ್ದು ಒಂದು, ಸಸ್ಯಾಹಾರಿಗಳದ್ದು ಒಂದು. ಸಸ್ಯಾಹಾರಿಗಳಿಗೆ ಅದರ ಬದಲು ಹಾಲು ಹೆಚ್ಚು ಕೊಡುತ್ತಾರೆ. ಆ ಚಳಿಯಲ್ಲಿ ಹಾಲು ಬಿಡುವವರು ಯಾರೂ ಇಲ್ಲ. ಬಸವರಾಜ ಮಾತ್ರ ತನ್ನ ಹೆಸರನ್ನು ಮಾಂಸದ ಪಟ್ಟಿಯಲ್ಲಿ ಬರೆಸಿದ್ದ. ಮೀನಿನ ಡಬ್ಬಿ ಒಡೆಯುವ ದಿನ ಸಾಲಿನಲ್ಲಿ ನಿಂತು ತನ್ನ ಪಾಲು ತೆಗೆದುಕೊಳ್ಳುತ್ತಿದ್ದ. ತಾನು ಬೇಳೆ ಚಪಾತಿ ತಿಂದು, ಮೀನನ್ನು ಭಾಸ್ಕರನ ತಟ್ಟೆಗೆ ಜಾರಿಸುತ್ತಿದ್ದ. ನಮ್ಮ ಭಾಸ್ಕರ ಸಮುದ್ರದ ಪಕ್ಕ ಹುಟ್ಟಿದವನು, ಮೀನಿಲ್ಲದೆ ಸೊರಗುತ್ತಿದ್ದ. ಇದನ್ನು ನಾನು ಎರಡು ವರ್ಷ ನೋಡಿದೆ. ಹೆಸರಿಟ್ಟು ಹೇಳಿಕೊಳ್ಳದಿದ್ದರೂ ಅದು ಏನೆಂದು ಗೊತ್ತಿತ್ತು.

ಒಂದು ಮಧ್ಯಾಹ್ನ ನನ್ನ ಬಾಯಿ ಸುಮ್ಮನಿರಲಿಲ್ಲ. ಊಟದ ಸಾಲು ಉದ್ದವಿತ್ತು, ಎಲ್ಲರೂ ತಮಾಷೆಯಲ್ಲಿದ್ದರು. ಬಸವರಾಜ ತಟ್ಟೆ ಚಾಚಿದಾಗ ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದೆ: "ಅಯ್ಯಾ ಸ್ವಾಮಿ, ನಿಮ್ಮ ಕೊರಳಲ್ಲಿ ಲಿಂಗ, ತಟ್ಟೆಯಲ್ಲಿ ಮೀನು. ಈ ಮೀನು ಹೋಗುವುದು ಎಲ್ಲಿಗೆ?"

ಹಿಂದಿನಿಂದ ಯಾರೋ ಕೂಗಿದರು. "ಹೆಂಡತಿಗೆ! ಅಗೋ, ಮೂಲೆಯಲ್ಲಿ ಕುಳಿತಿದ್ದಾಳೆ!"

ಮೂಲೆಯಲ್ಲಿ ಕುಳಿತಿದ್ದವನು ನನ್ನ ತಮ್ಮ. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಭಾಸ್ಕರ ತಟ್ಟೆಯಿಂದ ತಲೆ ಎತ್ತಲಿಲ್ಲ. ಬಸವರಾಜನೂ ನಕ್ಕಂತೆ ಮಾಡಿ, "ಹಾಕ್ರಿ ಅಣ್ಣಾರ, ಆರಿ ಹೋಗ್ತದ" ಎಂದ. ಬಾಗಿಲಲ್ಲಿ ಊಟದ ತಪಾಸಣೆಗೆ ಬಂದಿದ್ದ ಸುಬೇದಾರ್ ಸಾಹೇಬರು ನಿಂತಿದ್ದರು. ಅವರು ನಗಲಿಲ್ಲ.

ಹುಡುಗರೇ, ಲಂಗರಿನಲ್ಲಿ ಇರುವವನಿಗೆ ಎಲ್ಲರಿಗಿಂತ ಮೊದಲು ಎಲ್ಲವೂ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಬಡಿಸಲು ಹೋಗಬೇಡಿ. ನನ್ನ ಕೆಲಸದಲ್ಲಿ ಉಪ್ಪು ಹೆಚ್ಚಾದದ್ದುಂಟು, ಇನ್ನೂರು ಜನರ ಪಾಯಸ ಸೀದದ್ದುಂಟು. ಅವೆಲ್ಲ ಮರುದಿನಕ್ಕೆ ಮರೆತುಹೋದವು.

ಆ ಚಳಿಗಾಲಕ್ಕೆ ಬಸವರಾಜನನ್ನು ಮೇಲಿನ ಠಾಣೆಗೆ ಹಾಕಿದರು. ಹಿಮ ಬಿದ್ದರೆ ದಾರಿ ಮುಚ್ಚುತ್ತದೆ, ಮೂರು ತಿಂಗಳು ಯಾರೂ ಇಳಿಯುವಂತಿಲ್ಲ. ಅವನು ಹೋದ ವಾರದಲ್ಲೇ ಸುಬೇದಾರ್ ಸಾಹೇಬರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ. ತಮ್ಮ ಕೈಯಿಂದಲೇ ಚಹಾ ಸುರಿದು ಕೊಟ್ಟರು.

"ಶೀನಾ, ಮಾತು ಮೇಲೆ ಹೋದರೆ ಇಬ್ಬರನ್ನೂ ಸೇನೆಯ ಕೋರ್ಟಿನಲ್ಲಿ ನಿಲ್ಲಿಸುತ್ತಾರೆ. ಕಾಗದದ ಮೇಲೆ ಏನು ಬರೆಯುತ್ತಾರೆ ಎಂದು ಗೊತ್ತಲ್ಲ? ಅದನ್ನು ಹಿಡಿದುಕೊಂಡು ಭಾಸ್ಕರ ಊರಿಗೆ ಹೋಗಬೇಕಾ? ಇಬ್ಬರಲ್ಲಿ ಒಬ್ಬ ಇಲ್ಲಿಂದ ಹೊರಡಬೇಕು. ನಿನ್ನ ತಮ್ಮ, ನೀನೇ ಏನಾದರೂ ಮಾಡು."

ಏನು ಮಾಡಬೇಕೆಂದು ಅವರು ಹೇಳಲಿಲ್ಲ. ತಮ್ಮನನ್ನು ಬೇರೆ ಘಟಕಕ್ಕೆ ಕಳಿಸಿ ಎಂದು ನಾನು ಬೇಡಬಹುದಿತ್ತು. ಎಲ್ಲಕ್ಕಿಂತ ಮೊದಲು ಭಾಸ್ಕರನನ್ನು ಕೂರಿಸಿ ಇದ್ದ ಸಂಗತಿ ಹೇಳಿ, ನಿನಗೆ ಏನು ಬೇಕು ಎಂದು ಕೇಳಬಹುದಿತ್ತು. ನನಗೆ ಪಿಂಚಣಿಗೆ ಇನ್ನು ಎರಡೇ ವರ್ಷ ಬಾಕಿ ಇತ್ತು, ಹೆದರಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೆ ನಾಚಿಕೆಯಾಗಿತ್ತು. ಸಾಲಿನಲ್ಲಿ ನಿಂತವರು ನನ್ನನ್ನು ನೋಡಿ ನಗುತ್ತಾರೆ ಎಂದು ನಾಚಿಕೆ.

ಮರುದಿನ ಭಾಸ್ಕರನನ್ನು ಲಂಗರಿನ ಹಿಂದಿನ ಉಗ್ರಾಣಕ್ಕೆ ಕರೆದೆ. ಊರಿನಿಂದ ಕಾಗದ ಬಂದಿದೆ, ಅಮ್ಮನಿಗೆ ಪಾರ್ಶ್ವವಾಯು ಹೊಡೆದಿದೆ, ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದೆ.

ಅವನು ಅಕ್ಕಿಮೂಟೆಯ ಮೇಲೆ ಕುಳಿತುಬಿಟ್ಟ. "ಮಾತಾಡ್ತಾರಾ ಅಮ್ಮ?"

"ಸ್ವಲ್ಪ ಸ್ವಲ್ಪ. ನಿನ್ನನ್ನೇ ಕೇಳ್ತಾರಂತೆ."

"ನೀನು ಹೋಗುದಿಲ್ವಾ ಅಣ್ಣ?"

"ನನಗೆ ಎರಡು ವರ್ಷ ಉಂಟಲ್ಲ. ನನಗೆ ಹೆಂಡತಿ ಮಕ್ಕಳು ಬೇರೆ. ನೀನು ಒಬ್ಬನೇ."

ಸ್ವಂತ ಕೋರಿಕೆಯ ಮೇಲೆ ಸೇನೆ ಬಿಡುವ ಅರ್ಜಿಗೆ ಅವನು ಆ ಮಧ್ಯಾಹ್ನವೇ ಸಹಿ ಹಾಕಿದ. ಕಾಗದ ಯಾವುದು, ತೋರಿಸು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಸುಬೇದಾರ್ ಸಾಹೇಬರು ಕಾಗದಗಳನ್ನು ಬೇಗ ಓಡಿಸಿದರು. ಎಂಟು ವರ್ಷ ಸೇವೆ ಮಾಡಿದವನು ಪಿಂಚಣಿಯಿಲ್ಲದೆ ಹೊರಟ. ಹೊರಡುವಾಗ ಅವನು ಹೇಳಿದ್ದು ಒಂದೇ ಮಾತು. "ದಾರಿ ತೆರೆದ ಮೇಲೆ ಬಸುವಿಗೆ ಹೇಳು. ಅಮ್ಮ ಸ್ವಲ್ಪ ಹುಷಾರಾದ ಮೇಲೆ ನಾನೇ ಬರೀತೇನೆ ಅಂತ ಹೇಳು."

ಅವನು ಬರೆಯದ ಹಾಗೆ ನೋಡಿಕೊಂಡವನೂ ನಾನೇ. ಅವನು ಊರು ತಲುಪುವ ಮೊದಲೇ ಅವನಿಗೆ ಕಾಗದ ಹಾಕಿದೆ. ಇಲ್ಲಿ ಎಲ್ಲರಿಗೂ ಗೊತ್ತಾಗಿದೆ, ನೀನು ಬಸವರಾಜನಿಗೆ ಒಂದು ಅಕ್ಷರ ಬರೆದರೂ ಕೋರ್ಟಿನಲ್ಲಿ ನಿಲ್ಲುವವನು ಅವನು ಎಂದು ಬರೆದೆ.

ದಾರಿ ತೆರೆಯಿತು. ಬಸವರಾಜ ಇಳಿದು ಬಂದವನು ನೇರ ಲಂಗರಿಗೆ ಬಂದ. ಗಡ್ಡ ಬೆಳೆದಿತ್ತು, ಮೂಗಿನ ಚರ್ಮ ಸುಲಿದಿತ್ತು. "ಭಾಸ್ಕರ ಎಲ್ಲಿ ಅದಾನ್ರಿ ಅಣ್ಣಾರ?" ಎಂದ. ಊರಿಗೆ ಹೋದ, ತಾಯಿಗೆ ಸೌಖ್ಯವಿಲ್ಲ ಎಂದೆ. ಮರುದಿನ ಬಂದ. "ತಾಯಿಗೆ ಹ್ಯಾಂಗದರಿ?" ಅದರ ಮರುದಿನವೂ ಬಂದ. ಬಂದಾಗಲೆಲ್ಲ ಮೊದಲು ತಾಯಿಯನ್ನು ಕೇಳುತ್ತಿದ್ದ, ಆಮೇಲೆ ಅವನನ್ನು. "ನನಗ ಏನರ ಹೇಳ್ಯಾನೇನ್ರಿ?" ಇಲ್ಲ ಎನ್ನುತ್ತಿದ್ದೆ. "ಹೇಳ್ತಾನ ಬಿಡ್ರಿ. ಕೈ ಬಿಡುವಿರಂಗಿಲ್ಲ" ಎಂದು ತಾನೇ ಸಮಾಧಾನ ಮಾಡಿಕೊಂಡು ಹೋಗುತ್ತಿದ್ದ. ಹದಿನೇಳು ದಿನ ಹೀಗೆ ಬಂದ. ಎಣಿಸಿಟ್ಟಿದ್ದೇನೆ.

ಹದಿನೇಳನೆಯ ದಿನ ನನಗೆ ತಡೆಯಲಾಗಲಿಲ್ಲ. "ನೋಡು ಬಸವರಾಜ, ಅವನಿಗೆ ಮದುವೆ ಆಯ್ತು. ಅಮ್ಮನ ಆಸೆ. ಇನ್ನು ಅವನನ್ನು ಅವನ ಪಾಡಿಗೆ ಬಿಡು" ಎಂದೆ.

ಅವನು ಕಟ್ಟೆಯ ಮೇಲಿದ್ದ ಮೂಲಂಗಿಯನ್ನು ಎತ್ತಿಕೊಂಡು ಮಣ್ಣು ಒರೆಸಿದ, ಮತ್ತೆ ಇಟ್ಟ. "ಹುಡುಗಿ ಚೊಲೋ ಅದಾಳೇನ್ರಿ?" ಎಂದು ಕೇಳಿದ. ಒಳ್ಳೆಯವಳು ಎಂದೆ. "ಆತ ಬಿಡ್ರಿ. ಮೀನ ಮಾಡಾಕ ಬರ್ತದಲ್ಲ ಆಕಿಗೆ?" ಎಂದ. ಮರುದಿನ ಗುಮಾಸ್ತನ ಬಳಿ ಹೋಗಿ ಮಾಂಸದ ಪಟ್ಟಿಯಿಂದ ತನ್ನ ಹೆಸರು ತೆಗೆಸಿದ. ಮುಂದಿನ ಬೇಸಿಗೆಯಲ್ಲಿ ಅವನಿಗೆ ಬೇರೆ ಕಡೆಗೆ ವರ್ಗವಾಯಿತು.

ಭಾಸ್ಕರ ಊರು ತಲುಪಿದ ಸಂಗತಿಯನ್ನು ಅಮ್ಮ ನನಗೆ ಹೇಳಿದ್ದು ನಾನು ರಜೆಯಲ್ಲಿ ಬಂದಾಗ. "ನಾನು ಅಂಗಳದಲ್ಲಿ ಬಂಗುಡೆ ಒಣಗಲಿಕ್ಕೆ ಹಾಕ್ತಾ ಇದ್ದೆ. ಬಂದವನು ಟ್ರಂಕು ಇಳಿಸ್ಲಿಲ್ಲ, ನನ್ನ ಕಾಲನ್ನೇ ನೋಡಿದ. ಅಮ್ಮ ನಿನಗೆ ನಡೀಲಿಕ್ಕೆ ಆಗ್ತದಾ ಅಂತ ಕೇಳಿದ. ನನಗೆ ಎಂತ ಆಗಿದೆ, ಕಾಪು ಪೇಟೆಗೆ ಹೋಗಿ ಮೀನು ಮಾರಿ ಈಗ ಬಂದದ್ದು ಅಂದೆ. ಅಲ್ಲೇ ಕೂತು ಮರ್ಲನ ಹಾಗೆ, ಹುಚ್ಚು ಹಿಡಿದ ಹಾಗೆ ನಗಾಡಿದ ಮಗ. ಎಂತಕ್ಕೆ ಅಂತ ಹೇಳ್ಲೇ ಇಲ್ಲ."

ಅಮ್ಮನಿಗೆ ಅವನು ಕೊನೆಯವರೆಗೂ ಹೇಳಲಿಲ್ಲ. ನನ್ನನ್ನೂ ಬೈಯಲಿಲ್ಲ. ಆ ರಜೆಯಲ್ಲಿ ಸಮುದ್ರದ ದಂಡೆಯಲ್ಲಿ ನಾವಿಬ್ಬರೇ ಇದ್ದಾಗ ಒಂದೇ ಪ್ರಶ್ನೆ ಕೇಳಿದ.

"ಬಸು ಎಂತ ಹೇಳಿದ?"

"ಏನೂ ಹೇಳ್ಲಿಲ್ಲ."

"ಕೇಳ್ಲಿಲ್ವಾ ನನ್ನನ್ನು?"

"ಇಲ್ಲ. ಒಮ್ಮೆಯೂ ಕೇಳ್ಲಿಲ್ಲ" ಎಂದೆ. ಅವನು ಬೇಗ ಮರೆಯಲಿ ಎಂದು ಹಾಗೆ ಹೇಳಿದೆ. ನಾನು ಹೇಳಿದ ಸುಳ್ಳುಗಳಲ್ಲಿ ಅದು ಅತಿ ಚಿಕ್ಕದು ಎಂದು ಆಗ ಅನಿಸಿತ್ತು.

ಅಮ್ಮ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದರು. ಭಾಸ್ಕರ ಮದುವೆಯಾಗಲಿಲ್ಲ. ಮಣಿಪಾಲದಲ್ಲಿ ಕಾವಲುಗಾರನ ಕೆಲಸ ಹಿಡಿದು, ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಉಳಿದ. ನನ್ನ ಮಕ್ಕಳ ಮದುವೆಗೆ ಬಂದ, ಮೊಮ್ಮಕ್ಕಳನ್ನು ಎತ್ತಿಕೊಂಡ. ಆದರೆ ನಾನು ಮಾಡಿದ್ದನ್ನು ಬಾಯಿಗಿಡಲಿಲ್ಲ. ಹೊಟ್ಟೆ ಸರಿ ಇಲ್ಲ ಎನ್ನುತ್ತಿದ್ದ, ಈಗ ತಿಂದು ಬಂದೆ ಎನ್ನುತ್ತಿದ್ದ. ಇನ್ನೂರು ಜನರಿಗೆ ಬಡಿಸಿದವನಿಗೆ ಶಿಕ್ಷೆಯಾಗಿ ಒಬ್ಬನ ಖಾಲಿ ತಟ್ಟೆ ಸಾಕು. ಅವನು ಮನೆಗೆ ಬಂದು ಕುಳಿತು, "ಅಣ್ಣ, ಇನ್ನೊಂದು ತುಂಡು ಹಾಕು" ಎನ್ನುವುದನ್ನು ನಾನು ಎಷ್ಟೋ ಸಲ ಕೆಲಸದ ನಡುವೆ ಕೇಳಿಸಿಕೊಂಡಿದ್ದೇನೆ. ತಿರುಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ.

ಸೇನೆ ಬಿಟ್ಟ ಮೇಲೆ ನಾನು ಊರ ಕಡೆ ಸಣ್ಣ ಪುಟ್ಟ ಸಮಾರಂಭಗಳಿಗೆ ಅಡುಗೆ ಮಾಡಿಕೊಂಡಿದ್ದೆ. ಎರಡು ವರ್ಷದ ಹಿಂದೆ ಕಾರ್ಕಳದ ಒಂದು ಮನೆಯಿಂದ ಕರೆ ಬಂತು. ಹೋಗಿ ನೋಡಿದರೆ ಐರಿನ್ ಸಿಸ್ಟರ್. ಸೇನೆಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಕಾರ್ಕಳದ ಕ್ರಿಶ್ಚಿಯನ್ನರ ಮನೆಯವರು. ಭಾಸ್ಕರನನ್ನು ಕಳಿಸಿದ ವರ್ಷವೇ ನಾನು ಕಾಮಾಲೆಯಿಂದ ಅವರ ವಾರ್ಡಿನಲ್ಲಿ ಒಂದು ತಿಂಗಳು ಮಲಗಿದ್ದೆ. ಅಷ್ಟು ದೂರದಲ್ಲಿ ತುಳು ಮಾತಾಡುವವರು ಸಿಕ್ಕಿದ್ದೇ ನನಗೆ ಅರ್ಧ ಔಷಧಿ. ಆಗ ಅವರೂ ವಿಮಲಾ ಎಂಬ ಇನ್ನೊಬ್ಬ ಸಿಸ್ಟರೂ ಒಂದೇ ಕ್ವಾರ್ಟರ್ಸಿನಲ್ಲಿದ್ದರು. ಇಬ್ಬರಿಗೂ ಬೇರೆ ಬೇರೆ ಕಡೆ ವರ್ಗವಾದಾಗ ರಜೆಯನ್ನೆಲ್ಲ ಒಟ್ಟು ಮಾಡಿ ಒಬ್ಬರಿದ್ದಲ್ಲಿಗೆ ಇನ್ನೊಬ್ಬರು ಹೋಗುತ್ತಿದ್ದರಂತೆ. ಸೇವೆಯ ಅರ್ಧ ಭಾಗ ರೈಲಿನಲ್ಲೇ ಕಳೆಯಿತು ಎಂದು ಐರಿನ್ ಸಿಸ್ಟರ್ ನಕ್ಕರು. ಈಗ ಇಬ್ಬರೂ ಆ ಮನೆಯಲ್ಲೇ ಒಟ್ಟಿಗಿದ್ದರು, ಇಬ್ಬರಿಗೂ ಕೂದಲು ಬೆಳ್ಳಗಾಗಿತ್ತು.

ನಾನು ಹಿತ್ತಲಲ್ಲಿ ಒಲೆ ಹೂಡುತ್ತಿದ್ದಾಗ ಒಳಗೆ ಜಗಳ ನಡೆಯುತ್ತಿತ್ತು.

"ಸಕ್ಕರೆ ಹಾಕಬೇಡ ಅಂತ ಡಾಕ್ಟ್ರು ಹೇಳಿದ್ದು ಯಾರಿಗೆ?"

"ನಿನಗೆ."

"ನನಗಲ್ಲ, ನಿನಗೆ! ಚೀಟಿ ತಾ, ಓದು!"

"ಕನ್ನಡಕ ನಿನ್ನ ತಲೆಯ ಮೇಲುಂಟು, ನೀನೇ ಓದು."

ಅಷ್ಟೇ. ಎಲ್ಲ ಮನೆಯಲ್ಲೂ ಇರುವ ಜಗಳ. ನಾನು ಅಕ್ಕಿ ತೊಳೆಯುತ್ತಿದ್ದವನು ಕೈ ನೀರಲ್ಲೇ ಬಿಟ್ಟು ಕೇಳುತ್ತಾ ಕುಳಿತೆ. ಪರ್ಕಳದ ಆ ಕೋಣೆಯಲ್ಲಿ ನನ್ನ ತಮ್ಮನೊಡನೆ ಸಕ್ಕರೆಗಾಗಿ ಜಗಳವಾಡುವವರು ಯಾರೂ ಇರಲಿಲ್ಲ.

ಊಟದ ನಂತರ ಐರಿನ್ ಸಿಸ್ಟರ್ ನನ್ನ ಬಳಿ ಬಂದು ಕುಳಿತರು. "ನಿಮ್ಮ ತಮ್ಮ ಹೇಗಿದ್ದಾನೆ ಶೀನಣ್ಣ? ತಾಯಿ ಮಲಗಿದಲ್ಲೇ ಇದ್ದಾರೆ, ನೋಡಿಕೊಳ್ಳಲಿಕ್ಕೆ ತಮ್ಮ ಕೆಲಸ ಬಿಟ್ಟು ಹೋಗಿದ್ದಾನೆ ಅಂತ ಆಗ ಹೇಳಿದ್ದಿರಲ್ಲ. ತುಂಬಾ ದಿನ ಇದ್ದರಾ ತಾಯಿ?"

"ಇಪ್ಪತ್ತೆರಡು ವರ್ಷ" ಎಂಬುದು ಬಾಯಿಯಿಂದ ಬಂದುಬಿಟ್ಟಿತು.

"ಪಾರ್ಶ್ವವಾಯುವಿನಲ್ಲಿ? ಇಪ್ಪತ್ತೆರಡು ವರ್ಷ?" ಅವರು ಇಡೀ ಜೀವನ ರೋಗಿಗಳನ್ನು ನೋಡಿದವರು. ನನ್ನ ಮುಖ ನೋಡಿದರು. ಆಗ ಎಲ್ಲವನ್ನೂ ಹೇಳಿದೆ. ಯಾರಿಗೂ ಹೇಳದಿದ್ದುದನ್ನು ಅವರಿಗೆ ಹೇಳಿದೆ. ವಿಮಲಾ ಸಿಸ್ಟರ್ ಬಾಗಿಲಲ್ಲಿ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ.

ಮಾತಾಡಿದ್ದು ವಿಮಲಾ ಸಿಸ್ಟರ್. "ನಮ್ಮ ವಿಷಯದಲ್ಲೂ ಯಾರಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಗೊತ್ತಿದ್ದವರು ಬೇಕಾದಷ್ಟು ಜನ ಇದ್ದರು. ಅವರು ಸುಮ್ಮನಿದ್ದರು, ನಾವು ಇಲ್ಲಿದ್ದೇವೆ." ಆಮೇಲೆ ಕೇಳಿದರು. "ಆ ಹುಡುಗ ದಿನಾ ಬಂದು ಕೇಳ್ತಿದ್ದ ಅಂತ ನಿಮ್ಮ ತಮ್ಮನಿಗೆ ಗೊತ್ತುಂಟಾ?"

ಇಲ್ಲ ಎಂದೆ.

"ಇನ್ನೂ ಹೇಳ್ಲಿಲ್ವಾ? ಯಾವಾಗ ಹೇಳ್ತೀರಿ?"

ಅದಾದ ಮೇಲೂ ಎರಡು ವರ್ಷ ಹೇಳಲಿಲ್ಲ. ಪರ್ಕಳದವರೆಗೆ ಹೋಗಿ, ಅವನಿಗೆ ಬಾಳೆಹಣ್ಣು ಕೊಟ್ಟು, ಮಳೆ ಬಿಸಿಲಿನ ಮಾತಾಡಿ ವಾಪಸು ಬರುತ್ತಿದ್ದೆ. ನಿಜ ಹೇಳಿದರೆ ಅವನು ಬಾಗಿಲು ಮುಚ್ಚಿಕೊಳ್ಳುತ್ತಾನೆ, ಇರುವ ಅಷ್ಟೂ ಹೋಗುತ್ತದೆ ಎಂದು ಭಯ. ಈ ಪುಸ್ತಕಕ್ಕೆ ಬರೆಯಲು ಕುಳಿತಾಗ ದೋಸೆಯ ಕತೆ ಬರೆದೆ, ಉಸ್ತಾದರ ಕತೆ ಬರೆದೆ, ಅಲ್ಲಿಗೆ ನಿಂತೆ. ಎದ್ದು ಪರ್ಕಳದ ಬಸ್ಸು ಹತ್ತಿದೆ.

ಭಾಸ್ಕರ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಸಮವಸ್ತ್ರ ಹ್ಯಾಂಗರಿಗೆ ಹಾಕುತ್ತಿದ್ದ. ನಾನು ಕುಳಿತುಕೊಳ್ಳದೆ ಹೇಳಿದೆ. "ಬಸವರಾಜ ನಿನ್ನನ್ನು ಕೇಳಿದ್ದ. ದಿನಾ ಬಂದು ಕೇಳಿದ. ಹದಿನೇಳು ದಿನ. ನಿನಗೆ ಮದುವೆ ಆಯ್ತು ಅಂತ ನಾನೇ ಹೇಳಿ ಕಳಿಸಿದೆ."

ಅವನ ಕೈ ಹ್ಯಾಂಗರಿನ ಮೇಲೇ ಇತ್ತು. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಒಳ್ಳೆಯದಿತ್ತು.

"ಹದಿನೇಳು ದಿನವಾ?" ಎಂದ.

"ಹೌದು."

"ಕೂತ್ಕೋ." ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದ. "ಮೊದಲ ದಿನದಿಂದ ಹೇಳು. ಎಂತ ಕೇಳಿದ? ಅವ ಹೇಳಿದ ಹಾಗೇ ಹೇಳು."

ನಾನು ಹೇಳಿದೆ. ಬಸವರಾಜನ ಮಾತನ್ನು ಬಸವರಾಜನ ಹಾಗೆಯೇ ಹೇಳಲು ನೋಡಿದೆ. ನನ್ನ ನಾಲಿಗೆಯಲ್ಲಿ ಆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ, ಭಾಸ್ಕರ ತಿದ್ದಿದ. "ಹಾಗೆ ಅಲ್ಲ, 'ಹ್ಯಾಂಗದರಿ' ಅಂತಾನೆ ಅವ." ಮೂಲಂಗಿಯ ವಿಷಯ ಹೇಳಿದಾಗ ಅವನು ಎದ್ದು ಕಿಟಕಿಯ ಬಳಿ ಹೋದ. "ಮೀನು ಮಾಡ್ಲಿಕ್ಕೆ ಬರ್ತದಾ ಅಂತ ಕೇಳಿದನಾ?" ಎಂದ. ಇನ್ನೊಮ್ಮೆ ಹೇಳು ಎಂದ. ಇನ್ನೊಮ್ಮೆ ಹೇಳಿದೆ. ಮರುದಿನವೂ ಬಾ ಎಂದ. ಮೂವತ್ತಮೂರು ವರ್ಷದಲ್ಲಿ ನನ್ನ ತಮ್ಮ ನನಗೆ ಬಾ ಎಂದು ಹೇಳಿದ್ದು ಅದೇ ಮೊದಲು.

ನಾಲ್ಕು ದಿನ ಹೋದೆ. ಗಡ್ಡ ಹೇಗಿತ್ತು, ಮೂಗು ಎಷ್ಟು ಸುಲಿದಿತ್ತು, ಯಾವ ಹೊತ್ತಿಗೆ ಬರುತ್ತಿದ್ದ, ಬಂದಾಗ ಎಲ್ಲಿ ನಿಲ್ಲುತ್ತಿದ್ದ, ಎಲ್ಲವನ್ನೂ ಕೇಳಿದ. ಐದನೆಯ ದಿನ ನನ್ನ ಬಳಿ ಹೇಳಲು ಏನೂ ಉಳಿದಿರಲಿಲ್ಲ. ಅವನು ನನ್ನ ಬಾಯಿಯನ್ನೇ ನೋಡುತ್ತಾ ಕುಳಿತಿದ್ದ. ಬಸು ಒಮ್ಮೆ ಅತ್ತಿದ್ದ ಎಂದೋ, ನಿನ್ನ ಹೆಸರು ಹೇಳುತ್ತಿದ್ದ ಎಂದೋ ಒಂದು ಮಾತು ಸೇರಿಸಿದರೆ ಅವನು ಇನ್ನೊಂದು ವಾರ ಅದರಲ್ಲಿ ಬದುಕುತ್ತಿದ್ದ. ನಾನೂ ಇನ್ನೊಂದು ವಾರ ಆ ಕುರ್ಚಿಯಲ್ಲಿ ಕೂರುತ್ತಿದ್ದೆ. ನಾಲಿಗೆಯ ತುದಿಗೆ ಬಂದಿತ್ತು.

"ಅಷ್ಟೇ ಭಾಸ್ಕರ. ಇನ್ನೆಂತದ್ದೂ ಇಲ್ಲ" ಎಂದೆ.

ಅವನು ತಲೆ ಆಡಿಸಿದ. "ಅವನ ಊರು ನನಗೆ ಗೊತ್ತುಂಟು. ಯಾವ ಬಸ್ಸು ಹಿಡೀಬೇಕು, ಎಲ್ಲಿ ಇಳೀಬೇಕು ಅಂತ ಅವನೇ ಬರೆದುಕೊಟ್ಟಿದ್ದ. ನನ್ನನ್ನು ಕೇಳಲೇ ಇಲ್ಲ ಅಂದ್ಯಲ್ಲ, ಅದಕ್ಕೆ ಹೋಗ್ಲಿಲ್ಲ."

"ಈಗ ಅವನಿಗೆ ಹೆಂಡತಿ ಮಕ್ಕಳು ಇರಬಹುದು."

"ಇರ್ಲಿ."

"ಬದುಕಿ ಇಲ್ಲದೆಯೂ ಇರಬಹುದು."

"ಹಾಗಾದ್ರೆ ಮನೆ ನೋಡಿ ಬರ್ತೇನೆ."

"ನಾನೂ ಬರ್ಲಾ?"

"ಬೇಡ" ಎಂದ. ಸಿಟ್ಟಿನಿಂದ ಹೇಳಲಿಲ್ಲ. "ನೀನು ಬಂದ್ರೆ ಅವ ಮೊದಲು ನಿನ್ನ ಹತ್ರ, ತಾಯಿ ಹ್ಯಾಂಗದಾರ ಅಂತ ಕೇಳ್ತಾನೆ."

ಕೆಲಸಕ್ಕೆ ನಾಲ್ಕು ದಿನ ರಜೆ ಹಾಕಿ ಹೊರಟ. ಉಡುಪಿಯ ಬಸ್ ನಿಲ್ದಾಣದವರೆಗೆ ನಾನು ಹೋದೆ. ಹೊಸ ಅಂಗಿ ಹಾಕಿದ್ದ, ಮೀಸೆ ಕತ್ತರಿಸಿಕೊಂಡಿದ್ದ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಡುವವರೆಗೂ ನನ್ನ ಕಡೆ ನೋಡಿದ, ಹೊರಟ ಮೇಲೆ ಮುಂದೆ ನೋಡಿದ.

ಇವತ್ತಿಗೆ ಒಂಬತ್ತು ದಿನ. ಅವನು ಫೋನು ಮಾಡಿಲ್ಲ. ನಾನು ಒಮ್ಮೆ ಮಾಡಿದೆ, ರಿಂಗಾಯಿತು, ತೆಗೆಯಲಿಲ್ಲ, ಮತ್ತೆ ಮಾಡಲಿಲ್ಲ. ನಿನ್ನೆ ಅವನ ಮೇಲ್ವಿಚಾರಕರು ನನಗೆ ಕರೆ ಮಾಡಿದ್ದರು. "ಎಂತ ಮಾರಾಯ್ರೆ, ನಿಮ್ಮ ತಮ್ಮನಿಗೆ ಕೆಲಸ ಬೇಡ್ವಾ? ಯಾವಾಗ ಬರ್ತಾರೆ ಅವರು?" ಎಂದರು. ಗೊತ್ತಿಲ್ಲ ಸಾರ್, ಬೇರೆ ಜನ ನೋಡಿಕೊಳ್ಳಿ ಎಂದೆ.

ಇಷ್ಟು ವರ್ಷ ತಮ್ಮ ಬರಲಿ ಎಂದು ಕಾದವನು ನಾನು. ಈಗ ದಿನಾ ಸಂಜೆ ಕೊನೆಯ ಬಸ್ಸು ಎರ್ಮಾಳಿನಲ್ಲಿ ನಿಂತು ಮುಂದೆ ಹೋದ ಸದ್ದು ಕೇಳಿದ ಮೇಲೆ, ಇವತ್ತೂ ಬರಲಿಲ್ಲ ಎಂದು ಸಮಾಧಾನವಾಗಿ ಬಾಗಿಲು ಹಾಕಿಕೊಳ್ಳುತ್ತೇನೆ.